ಚರ್ಚಿನ ತನಕ ಹೋಗುವ ಗಾಡಿ

ಬೆಳಗಿನ ಆರೂವರೆ. ಮೈನಸ್ ಹದಿನಾಲ್ಕು ಡಿಗ್ರಿ. ಬೆಳಕಾಗಲು ಇನ್ನೂ ಒಂದೂವರೆ ಗಂಟೆ ಬೇಕು. ಸಾರ್ಕಿರಾಂತಾ ಎಂಬ ನಮ್ಮ ಕರಾವಳಿ ಊರಿನ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಅರವತ್ಮೂರು ವರ್ಷದ ಹೆಂಗಸೊಬ್ಬರು, ಹೂಗಿಡಕ್ಕೆ ನೀರು ಹಾಕುವ ಹಸಿರು ಕ್ಯಾನು ಹಿಡಿದು ಬರಿ ನೆಲಕ್ಕೆ ನೀರು ಹಾಕುತ್ತಿದ್ದಾರೆ. ನೀರು ಬಿದ್ದಲ್ಲೆಲ್ಲ ಆವಿ ಏಳುತ್ತಿದೆ. ಶಾಲೆಯ ನೆಲಮಾಳಿಗೆಯ ನಲ್ಲಿಯಿಂದ ಇಲ್ಲಿಗೆ ಇಪ್ಪತ್ತೆರಡು ಸಲ ಓಡಾಡಿದರೆ ಇವರ ಜಾರುಪಟ್ಟಿ ಸಿದ್ಧವಾಗುತ್ತದೆ: ನಲವತ್ತು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಗಾಜಿನಂಥ ಮಂಜುಗಡ್ಡೆ. ಎರಡು ತುದಿಗೂ ಒಂದೊಂದು ಫರ್ ಮರದ ಕೊಂಬೆ ನೆಟ್ಟಿದ್ದಾರೆ.

"ಬಿಸಿನೀರೇ ಆಗ್ಬೇಕು," ಎನ್ನುತ್ತಾರೆ ಇರ್ಮೆಲಿ ಲಾಕ್ಸೋ. "ತಣ್ಣೀರು ಬಿದ್ದಲ್ಲೇ ಗಂಟು ಕಟ್ಕೊಳ್ಳುತ್ತೆ. ಬಿಸಿನೀರಾದ್ರೆ ತಗ್ಗು ಹುಡುಕ್ಕೊಂಡು ಹರಿದು ಆಮೇಲೆ ಗಟ್ಟಿಯಾಗುತ್ತೆ. ನೀನ್ಯಾಕೆ ಕಂಬದ ಥರ ನಿಂತಿದೀಯ? ಆ ಪೊರಕೆ ತಗೊಂಡು ಗುಡಿಸು."

ಪೊರಕೆ ತೆಗೆದುಕೊಳ್ಳುತ್ತೇನೆ. ನನಗೀಗ ಮೂವತ್ತೆಂಟು. ಹನ್ನೊಂದು ವರ್ಷದಿಂದ ಈ ಪತ್ರಿಕೆಯ ಶನಿವಾರದ ಪುಟ ನೋಡಿಕೊಳ್ಳುತ್ತಿದ್ದೇನೆ, ಮೇಯರ್ ಎದುರೂ ಕಾಲ ಮೇಲೆ ಕಾಲು ಹಾಕಿ ಕೂರುತ್ತೇನೆ. ಆದರೆ ಮೂರನೇ, ನಾಲ್ಕನೇ ಕ್ಲಾಸಿನಲ್ಲಿ ಪಾಠ ಹೇಳಿದ ಟೀಚರ್ ಗುಡಿಸು ಅಂದರೆ ಗುಡಿಸಲೇಬೇಕು.

ಆರೂ ಐವತ್ತಕ್ಕೆ ಮರಳು ಹಾಕುವ ಟ್ರ್ಯಾಕ್ಟರ್ ಗೇಟಿನೊಳಗೆ ಬರುತ್ತದೆ. ಊರಿನವರು ಜಾರಿ ಬೀಳದಂತೆ ರಸ್ತೆ, ಅಂಗಳಗಳಿಗೆಲ್ಲ ಮರಳು ಚೆಲ್ಲುವ ಗಾಡಿ ಇದು. ಒಂದು ಮೂಲೆಯಿಂದ ಚೆಲ್ಲುತ್ತ ಬರುತ್ತದೆ, ಮೊದಲ ಕೊಂಬೆಯ ಹತ್ತಿರ ಚೆಲ್ಲುವುದನ್ನು ನಿಲ್ಲಿಸುತ್ತದೆ. ನಲವತ್ತು ಮೀಟರ್ ಸುಮ್ಮನೆ ಪಟ್ಟಿಯ ಪಕ್ಕದಲ್ಲೇ ಉರುಳುತ್ತದೆ. ಎರಡನೇ ಕೊಂಬೆ ದಾಟಿದ ಮೇಲೆ ಮತ್ತೆ ಚೆಲ್ಲಲು ಶುರು. ಅಂಗಳದಲ್ಲಿ ಮರಳಿಲ್ಲದ ಜಾಗ ಒಂದಡಿಯೂ ಇರಬಾರದು ಎಂದು ಈ ಚಳಿಗಾಲದಲ್ಲಿ ಪುರಸಭೆಯ ಆದೇಶವಿದೆ. ಟ್ರ್ಯಾಕ್ಟರಿನ ಬಾಗಿಲು ಒಂದಿಷ್ಟು ತೆರೆಯುತ್ತದೆ.

"ಮೈನಸ್ ಹದಿನಾಲ್ಕು," ಎನ್ನುತ್ತಾಳೆ ಚಾಲಕಿ ಸುವಿ ರಿಂತಾಲಾ.

"ಹೌದು, ಹದಿನಾಲ್ಕು," ಎನ್ನುತ್ತಾರೆ ಟೀಚರ್.

ಬಾಗಿಲು ಮುಚ್ಚುತ್ತದೆ. ಒಂಬತ್ತು ಚಳಿಗಾಲದಿಂದ ಇವರಿಬ್ಬರ ನಡುವೆ ನಡೆದಿರುವ ಮಾತುಕತೆ ಇಷ್ಟೇ, ದಿನ ದಿನಕ್ಕೆ ಅಂಕಿ ಮಾತ್ರ ಬೇರೆ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಆ ಲೆಕ್ಕದಲ್ಲಿ ನಮ್ಮೂರಿನವರೆಲ್ಲ ಆಗರ್ಭ ಶ್ರೀಮಂತರು.

ಈ ಲೇಖನಕ್ಕೆ ಇರ್ಮೆಲಿಯವರನ್ನು ಮೂರು ವರ್ಷದಿಂದ ಕೇಳುತ್ತಿದ್ದೆ. "ಹೊಗಳೋದಾದ್ರೆ ಬೇಡ" ಎಂದು ಮೂರು ಸಲವೂ ಬಾಗಿಲಲ್ಲೇ ಸಾಗಹಾಕಿದ್ದರು. ಬರುವ ಮೇ ಕೊನೆಯ ಶನಿವಾರ ಅವರ ಕೊನೆಯ ಶಾಲಾದಿನ. ಜನವರಿಯಲ್ಲಿ ಅವರೇ ಫೋನ್ ಮಾಡಿದರು. "ಬರಿ. ಆದ್ರೆ ಲೇಖನದ ಕೊನೆಗೆ ಒಂದು ತಿದ್ದುಪಡಿ ಅಚ್ಚಾಗ್ಬೇಕು. ವಾಕ್ಯ ನಾನೇ ಬರೆದುಕೊಡ್ತೀನಿ." ಯಾವುದರ ತಿದ್ದುಪಡಿ ಎಂದು ಕೇಳುವ ಅಗತ್ಯ ನನಗಿರಲಿಲ್ಲ. ನಾನೂ ಒಂದು ಷರತ್ತು ಹಾಕಿದೆ: ಪೇಪರ್ ಅಚ್ಚಿಗೆ ಹೋಗುವ ಮೊದಲು ನೀವು ಸುವಿಗೆ ಮುಖ ಕೊಟ್ಟು ಹೇಳಬೇಕು. ಅವಳು ಅದನ್ನು ಪೇಪರಿನಲ್ಲಿ ಓದಿ ತಿಳಿಯಬಾರದು. ಪುಟ ಮುಗಿಯುವುದು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ. "ಆಯ್ತು" ಅಂದರು.

ವಿಷಯ ಇದು. 1987ರಲ್ಲಿ ಕೆಲಸಕ್ಕೆ ಸೇರಿದ ಇರ್ಮೆಲಿ, ಮೊದಲ ಹನ್ನೆರಡು ಚಳಿಗಾಲ ಮಕ್ಕಳಿಗೆ ಬಲ ಮತ್ತು ಚಲನೆಯ ಪಾಠ ಹೇಳುವಾಗ ಒಂದು ತಪ್ಪನ್ನು ಕಲಿಸಿದರು. ಗಾಡಿಯನ್ನು ತಳ್ಳಿದರೆ ಅದರೊಳಗೆ ಬಲ ತುಂಬಿಕೊಳ್ಳುತ್ತದೆ, ಆ ಬಲ ಖರ್ಚಾದಾಗ ಗಾಡಿ ನಿಲ್ಲುತ್ತದೆ ಎಂದು. ಕೇಳಲು ಎಷ್ಟು ಸಲೀಸಾಗಿದೆ! ಅವರಿಗೂ ಅವರ ಟೀಚರ್ ಹಾಗೇ ಹೇಳಿದ್ದರಂತೆ. 1998ರ ಫೆಬ್ರವರಿಯಲ್ಲಿ, ಕ್ರೈಸ್ತರ ಉಪವಾಸದ ದಿನಗಳಿಗೆ ಮೊದಲು ಊರಿಗೆ ಊರೇ ಗುಡ್ಡದಿಂದ ಜಾರಿ ಆಡುವ ಹಬ್ಬದ ವಾರ, ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು: ಒದೆಗಾಡಿ ಯಾಕೆ ನಿಲ್ಲುತ್ತದೆ? ಒದೆಗಾಡಿ ನಮ್ಮೂರಲ್ಲಿ ಮನೆಗೊಂದು ಇದೆ. ಎರಡು ಉದ್ದನೆಯ ಉಕ್ಕಿನ ಪಟ್ಟಿಯ ಮೇಲೆ ಒಂದು ಕುರ್ಚಿ. ಹಿಂದೆ ನಿಂತು ಒಂದು ಕಾಲಲ್ಲಿ ನೆಲ ಒದ್ದರೆ ಮುಂದಕ್ಕೆ ಜಾರುತ್ತದೆ.

ಹತ್ತು ವರ್ಷದ ಸುವಿ ಬರೆದಳು: ಗಾಡಿ ತಾನಾಗಿ ನಿಲ್ಲುವುದಿಲ್ಲ, ಮರಳು ಅದನ್ನು ನಿಲ್ಲಿಸುತ್ತದೆ, ಯಾರೂ ಹಿಡಿಯದಿದ್ದರೆ ಅದು ಚರ್ಚಿನ ತನಕ ಹೋಗುತ್ತದೆ. ಶಾಲೆಯಿಂದ ಚರ್ಚಿಗೆ ಒಂದೂಕಾಲು ಕಿಲೋಮೀಟರ್. ಟೀಚರ್ ಕೆಂಪು ಗೆರೆ ಎಳೆದು ಸೊನ್ನೆ ಕೊಟ್ಟರು. ಕೊಟ್ಟಿದ್ದರೆ ಕೊಟ್ಟಿರಲಿ, ಅದನ್ನು ಕ್ಲಾಸಿಗೆಲ್ಲ ಓದಿ ಹೇಳಿದರು. "ಭಾನುವಾರದ ಪ್ರಾರ್ಥನೆಗೆ ಗಾಡಿ ಒಂದೇ ಹೋಗುತ್ತೋ, ನೀನೂ ಜೊತೆಗೆ ಹೋಗ್ತೀಯೋ?" ಎಂದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆ ಕ್ಲಾಸಿನಲ್ಲಿ ನಾನೂ ಇದ್ದೆ. ಅವತ್ತಿನಿಂದ ಅವಳ ಹೆಸರು ಚರ್ಚ್-ಸುವಿ. ಅವತ್ತಿನಿಂದ ಅವಳು ಉತ್ತರ ಹೇಳಲು ಕೈ ಎತ್ತಿದ್ದನ್ನು ನಾನು ನೋಡಲಿಲ್ಲ.

ಮರುವರ್ಷ ಮಾರ್ಚ್‌ನಲ್ಲಿ ಇರ್ಮೆಲಿ ಗಂಡನ ಜೊತೆ, ಮಂಜುಗಡ್ಡೆಯ ಕೆಳಗೆ ಹಾಕಿದ್ದ ಮೀನಿನ ಬಲೆ ನೋಡಲು ಸಮುದ್ರದ ಮೇಲೆ ಹೋಗಿದ್ದರು. ಹಿಂದಿನ ರಾತ್ರಿಯ ಗಾಳಿ ಹಿಮವನ್ನೆಲ್ಲ ಗುಡಿಸಿ ಹಾಕಿತ್ತು. ಕೆಳಗೆ ಕಪ್ಪು ಗಾಜು. "ಒದೆಗಾಡಿ ಮೇಲೆ ನಿಂತು ಒಂದು ಒದೆತ ಒದ್ದೆ," ಎನ್ನುತ್ತಾರೆ ಅವರು, ಕ್ಯಾನು ಕೆಳಗಿಟ್ಟು. "ಒಂದೇ ಒಂದು. ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಎಣಿಸ್ತಾ ಹೋದೆ. ನಲವತ್ತರ ತನಕ ಎಣಿಸಿದ್ರೂ ಹೋಗ್ತಾನೇ ಇದೆ. ಗಾಳಿ ಇಲ್ಲ, ಇಳಿಜಾರಿಲ್ಲ. ಹಿಂದಿನಿಂದ ನನ್ನ ಗಂಡ ಕೂಗ್ತಿದಾರೆ, ಎಲ್ಲಿಗೆ ಹೊರಟೆ ಮಾರಾಯ್ತಿ ಅಂತ. ಅವಾಗ ನೆನಪಾದಳು ನೋಡು ಆ ಹುಡುಗಿ."

ಅವತ್ತೇ ಸಂಜೆ ದೊಡ್ಡ ಪುಸ್ತಕಗಳನ್ನು ತೆಗೆದು ನೋಡಿದರು. ಬಲ ಖರ್ಚಾಗುವುದು ಎಂಬುದೇ ಇಲ್ಲ. ಓಡುವುದು ಓಡುತ್ತಲೇ ಇರುತ್ತದೆ, ಯಾರಾದರೂ ಹಿಡಿದು ನಿಲ್ಲಿಸುವ ತನಕ. ಮಾರನೇ ದಿನ ಕ್ಲಾಸಿನ ಮುಂದೆ ನಿಂತು, ಇಷ್ಟು ದಿನ ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡರು. ಅಲ್ಲಿಗೆ ಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಈಕೆ ಹಿಡಿದ ಪಟ್ಟು ಬಿಡುವವರಲ್ಲ. ನೀಲಿ ನೋಟ್‌ಬುಕ್ಕಿನಲ್ಲಿ ಹನ್ನೆರಡು ವರ್ಷದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಿದರು. ಇನ್ನೂರಾ ಹದಿನಾಲ್ಕು ಹೆಸರು. ಒಬ್ಬೊಬ್ಬರನ್ನೇ ಹುಡುಕಿ ತಿದ್ದತೊಡಗಿದರು.

ನನ್ನದು ನೂರಾ ಅರವತ್ತಮೂರನೇ ನಂಬರು. 2003ರಲ್ಲಿ ಅಂಗಡಿಯ ಚೀಸ್ ಕೌಂಟರಿನ ಮುಂದೆ ಸಿಕ್ಕಿಬಿದ್ದೆ. "ಗಾಡಿ ಯಾಕೆ ನಿಲ್ಲುತ್ತೆ ಹೇಳು" ಅಂದರು. "ಬಲ ಖರ್ಚಾಗಿ" ಅಂದೆ. "ಅದು ತಪ್ಪು, ನಾನೇ ಹೇಳಿಕೊಟ್ಟ ತಪ್ಪು" ಎಂದು ಅಲ್ಲೇ ಚೀಸಿನ ಗುಂಡು ಉರುಳಿಸಿ ಪಾಠ ಮಾಡಿದರು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಸಾವಿನ ಮನೆಯ ಕಾಫಿಯಲ್ಲಿ, ಹೆಂಗಸರ ಸೌನಾ ಉಗಿಸ್ನಾನದಲ್ಲಿ, ಹೀಗೆ ಎಲ್ಲೆಲ್ಲೋ ಪಾಠ ನಡೆದಿದೆ. ಮೊಮ್ಮಗಳು ಹುಟ್ಟಿದ ದಿನ ಹೆರಿಗೆ ಆಸ್ಪತ್ರೆಯ ದಾದಿ ಎಪ್ಪತ್ತೇಳನೇ ನಂಬರು ಎಂದು ಗೊತ್ತಾಗಿ, ಮಗುವಿನ ಮುಖ ನೋಡುವ ಮೊದಲು ಅವಳನ್ನು ತಿದ್ದಿದ್ದರಂತೆ. ನೋಟ್‌ಬುಕ್ಕಿನಲ್ಲೀಗ ಇನ್ನೂರಾ ಒಂಬತ್ತು ಗುರುತುಗಳಿವೆ. ನಾಲ್ವರು ತೀರಿಕೊಂಡಿದ್ದಾರೆ. ಉಳಿದದ್ದು ಒಂದು ಹೆಸರು. ಆಸ್ಟ್ರೇಲಿಯಾಕ್ಕೂ ಪತ್ರ ಬರೆದ ಇವರಿಂದ, ದಿನಾ ಬೆಳಿಗ್ಗೆ ಹತ್ತು ಹೆಜ್ಜೆ ದೂರದಲ್ಲಿ ಹಾದುಹೋಗುವವಳಿಗೆ ಹೇಳಲಾಗಿಲ್ಲ.

"ಬೇರೆಯವರಿಗೆ ಹೇಳೋದು ಪಾಠ," ಎನ್ನುತ್ತಾರೆ. "ಅವಳಿಗೆ ಹೇಳೋದು ಪಾಠ ಅಲ್ವಲ್ಲ."

ಮಂಗಳವಾರ ಜಾರುವ ಹಬ್ಬ. ಎಷ್ಟು ದೂರ ಜಾರಿದರೆ ಹೊಲದಲ್ಲಿ ಅಗಸೆ ಅಷ್ಟು ಉದ್ದ ಬೆಳೆಯುತ್ತದೆ ಎಂದು ಹಿಂದಿನವರ ನಂಬಿಕೆ. ಅಗಸೆ ಬೆಳೆಯುವವರು ಈಗ ಯಾರೂ ಇಲ್ಲ, ಜಾರುವುದು ಮಾತ್ರ ನಿಂತಿಲ್ಲ. ಶಾಲೆಯಲ್ಲಿ ಮಧ್ಯಾಹ್ನಕ್ಕೆ ಬಟಾಣಿ ಸಾರು, ಆಮೇಲೆ ಕೆನೆ ತುಂಬಿದ ಬನ್ನು. ಅದಕ್ಕೆ ಮೊದಲು ಇರ್ಮೆಲಿ ಟೀಚರ ಪಾಠ. ಹದಿನೇಳು ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಾರೆ. ಎರಡು ಕಂಬಗಳ ನಡುವೆ ಹಳೆಯ ಸೈಕಲ್ ಟ್ಯೂಬು ಕಟ್ಟಿದೆ. ಒದೆಗಾಡಿಯನ್ನು ಅದಕ್ಕೆ ಆನಿಸಿ ಕೆಂಪು ಗುರುತಿನ ತನಕ ಹಿಂದೆಳೆದು ಬಿಡಬೇಕು. ಪ್ರತಿ ಸಲವೂ ಅಷ್ಟೇ ಎಳೆತ, ಹಾಗಾಗಿ ಜಗಳಕ್ಕೆ ಎಡೆಯಿಲ್ಲ. ಗಾಡಿಯ ಮೇಲೆ ಇಪ್ಪತ್ತು ಕಿಲೋ ಆಲೂಗಡ್ಡೆಯ ಚೀಲ ಕೂತಿದೆ. ಮಕ್ಕಳು ಅದಕ್ಕೆ ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಿದ್ದಾರೆ.

"ಊಹೆ ಮೊದಲು, ಓಟ ಆಮೇಲೆ," ಟೀಚರ್ ಕೂಗುತ್ತಾರೆ. ಮಕ್ಕಳು ತಂತಮ್ಮ ಹೆಸರು ಬರೆದ ಐಸ್‌ಕ್ರೀಮ್ ಕಡ್ಡಿಗಳನ್ನು, ಗಾಡಿ ನಿಲ್ಲಬಹುದು ಅನ್ನಿಸಿದ ಕಡೆ ಊರುತ್ತಾರೆ. ಇನ್ನೊಂದು ನಿಯಮವಿದೆ. ಯಾರ ಊಹೆ ಎಷ್ಟೇ ತಪ್ಪಾದರೂ ನಗುವ ಹಾಗಿಲ್ಲ. ನಕ್ಕವರಿಗೆ ಬನ್ನು ಇಲ್ಲ. ಈ ನಿಯಮ ನಮ್ಮ ಕಾಲದಲ್ಲಿ ಇರಲಿಲ್ಲ.

ಮರಳಿನ ಮೇಲೆ ಬಿಟ್ಟ ಗಾಡಿ ಎರಡು ಮೀಟರಿಗೆ ಕಿರುಗುಟ್ಟಿ ನಿಲ್ಲುತ್ತದೆ. ಗಟ್ಟಿ ಹಿಮದ ಮೇಲೆ ಹನ್ನೊಂದು ಮೀಟರ್. ಮಂಜುಗಡ್ಡೆಯ ಪಟ್ಟಿಯ ಮೇಲೆ ಮೂವತ್ನಾಲ್ಕು! "ಹೆಡ್‌ಮಾಸ್ಟರ್ ಓಡಿಹೋದ್ರು!" ಎಂದು ಕಿರುಚಾಟ.

"ಮೂವತ್ನಾಲ್ಕಕ್ಕೆ ಯಾಕೆ ನಿಂತ್ರು?" ಟೀಚರ ಪ್ರಶ್ನೆ.

"ಗಾಡಿಗೆ ಸುಸ್ತಾಯ್ತು ಟೀಚರ್," ಎನ್ನುತ್ತಾನೆ ವಿಲ್ಯೋ ಎಂಬ ಹುಡುಗ.

"ಗಾಡಿಗೆ ಸುಸ್ತಾಗಲ್ಲಪ್ಪ. ಅದನ್ನ ಯಾರೋ ಹಿಡ್ಕೊಂಡ್ರು. ಯಾರು ಹಿಡ್ಕೊಂಡ್ರು? ಹೋಗಿ ನೋಡ್ಕೊಂಡು ಬಾ."

ವಿಲ್ಯೋ ಪಟ್ಟಿಯ ಮೇಲೆ ಅಂಗಾತ ಬಿದ್ದು, ಮತ್ತೆ ಮಗುಚಿಕೊಂಡು, ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಾನೆ. ಉಕ್ಕಿನ ಪಟ್ಟಿ ಗೀರಿದ ಎರಡು ಸಣ್ಣ ಗೆರೆ, ಗೆರೆಯಲ್ಲಿ ಬಿಳಿ ಪುಡಿ. "ಐಸೂ ಹಿಡ್ಕೊಂಡಿದೆ ಟೀಚರ್! ಸ್ವಲ್ಪೇ ಸ್ವಲ್ಪ!" ಪಿಹ್ಲಾ ಎಂಬ ಹುಡುಗಿ ಇನ್ನೊಂದು ಹೇಳುತ್ತಾಳೆ: "ಗಾಳಿನೂ ಹಿಡ್ಕೊಳ್ಳುತ್ತೆ. ನಾನು ಗಾಡಿ ಮೇಲೆ ಹೋಗೋವಾಗ ಕೆನ್ನೆಗೆ ತಳ್ಳುತ್ತೆ."

"ಸರಿ. ಐಸೂ ಬಿಟ್ಟುಬಿಡ್ತು, ಗಾಳಿನೂ ಬಿಟ್ಟುಬಿಡ್ತು. ಅವಾಗ?"

ಹದಿನೇಳು ಬಾಯಿಂದ ಆವಿ ಬರುತ್ತಿದೆ. ಟೀಚರ್ ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದು ಓದುತ್ತಾರೆ. ಚರ್ಚಿನ ತನಕ ಹೋಗುತ್ತದೆ ಎಂಬ ಅದೇ ಸಾಲುಗಳು. "ಈ ಶಾಲೇಲಿ ಇವತ್ತಿನವರೆಗೆ ಬಂದ ಉತ್ತರಗಳಲ್ಲೆಲ್ಲ ಚೆನ್ನಾಗಿರೋದು ಇದು. ಬರೆದವಳು ನಿಮ್ಮಷ್ಟೇ ದೊಡ್ಡವಳಿದ್ದಳು." ಇಪ್ಪತ್ತೇಳು ವರ್ಷದಿಂದ ಪ್ರತಿ ಕ್ಲಾಸಿಗೂ ಹೀಗೆ ಓದುತ್ತಾರೆ. ಯಾರು ಬರೆದದ್ದು ಎಂದು ಮಕ್ಕಳು ಕೇಳಿದರೆ ಮಾತ್ರ ಬನ್ನಿನ ಕಡೆ ಮಾತು ತಿರುಗಿಸುತ್ತಾರೆ. ಪಾಠ ಮುಗಿದ ಮೇಲೆ ಬಕೆಟ್ಟಿನಲ್ಲಿ ಮರಳು ತಂದು ಪಟ್ಟಿಗೆ ತಾವೇ ಚೆಲ್ಲುತ್ತಾರೆ. ಬಿಡುವಿನ ವೇಳೆಗೆ ಅಂಗಳದಲ್ಲಿ ಜಾರುವ ಜಾಗ ಒಂದೂ ಇರುವುದಿಲ್ಲ. ಮಾರನೇ ಬೆಳಿಗ್ಗೆ ಮತ್ತೆ ಗುಡಿಸಿ, ಇಪ್ಪತ್ತೆರಡು ಕ್ಯಾನು.

ಬುಧವಾರ ಬೆಳಿಗ್ಗೆ ಐದೂಮುಕ್ಕಾಲಕ್ಕೆ ನಾನು ಸುವಿಯ ಟ್ರ್ಯಾಕ್ಟರ್ ಹತ್ತುತ್ತೇನೆ. ಅರವತ್ತೊಂದು ಕಿಲೋಮೀಟರ್ ರಸ್ತೆ, ನಾಲ್ಕು ಅಂಗಳ ಅವಳ ಪಾಲಿಗೆ. ಪುರಸಭೆ ಅಷ್ಟು ಖಡಕ್ಕಾಗಿ ಹೇಳಿದ್ದರೂ ಆ ನಲವತ್ತು ಮೀಟರ್ ಯಾಕೆ ಬಿಡುತ್ತೀಯ ಎಂದು ಕೇಳುತ್ತೇನೆ.

"ಅಲ್ಲಿ ಬಂದಾಗ ಮರಳಿನ ಲಿವರ್ ಮೇಲಿಂದ ಕೈ ಜಾರುತ್ತೆ," ಎನ್ನುತ್ತಾಳೆ, ರಸ್ತೆಯಿಂದ ಕಣ್ಣು ತೆಗೆಯದೆ.

"ದಿನಾನೂ?"

"ದಿನಾನೂ. ವಯಸ್ಸಾಯ್ತು."

ಒಂದು ಕಿಲೋಮೀಟರ್ ಮರಳು ಚೆಲ್ಲುತ್ತಾಳೆ. ಆಮೇಲೆ ತಾನಾಗಿಯೇ ಹೇಳುತ್ತಾಳೆ. ಆರು ವರ್ಷದ ಹಿಂದೆ ಅವಳ ಮಗಳು ವೆನ್ಲಾ ಇರ್ಮೆಲಿ ಟೀಚರ ಕ್ಲಾಸಿನಲ್ಲಿದ್ದಳು. "ಒಂದಿನ ಮನೆಗೆ ಬಂದು, ಅಮ್ಮ, ಯಾರೋ ಒಬ್ಬಳು ಗಾಡಿ ಚರ್ಚಿನ ತನಕ ಹೋಗುತ್ತೆ ಅಂತ ಬರೆದಿದ್ಲಂತೆ, ಅದೇ ಸರಿಯಂತೆ, ಎಲ್ಲಕ್ಕಿಂತ ಚೆನ್ನಾಗಿರೋದಂತೆ ಅಂದ್ಲು. ನಾನು ಮಾಂಸದುಂಡೆ ಕರೀತಿದ್ದೆ. ಒಂದು ಬಾಣಲೆ ಪೂರ್ತಿ ಸೀದುಹೋಯ್ತು."

"ಮಗಳಿಗೆ ಹೇಳಿದ್ಯಾ, ಅದು ನೀನೇ ಅಂತ?"

"ನಾನ್ಯಾಕೆ ಹೇಳ್ಲಿ? ನಗಿಸಿದವರು ಹೇಳ್ಲಿ. ಈಗ್ಲೂ ಊರವರು ಹಾಕಿ ಮೈದಾನದಲ್ಲಿ, ಏನ್ ಚರ್ಚ್-ಸುವಿ, ಎಲ್ಲಿತನಕ ಹೊರಟೆ ಅಂತಾರೆ. ನನ್ನ ಮಗಳು ಪಕ್ಕದಲ್ಲೇ ಇರ್ತಾಳೆ." ಲಿವರನ್ನು ಒಂದು ಸಲ ಜೋರಾಗಿ ಎಳೆಯುತ್ತಾಳೆ. "ಟೀಚರ್ ತಾವಾಗೇ ಬಂದು ಹೇಳ್ಲಿ ಅಂತ ಕಾಯ್ತಿದೀನಿ. ಐಸಿನ ಪಟ್ಟಿ ಇದ್ರೆ ತಾನೆ ಅವರು ದಿನಾ ಅಲ್ಲಿ ನಿಂತಿರೋದು, ಅದಕ್ಕೆ ಬಿಟ್ಟಿದೀನಿ. ನಾನಾಗೇ ಹೋಗಿ ಕೇಳೋಳಲ್ಲ."

ಈಗ ಇಬ್ಬರ ಗುಟ್ಟೂ ನನ್ನ ಬಾಯಲ್ಲಿ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಟ್ರ್ಯಾಕ್ಟರ್ ಶಾಲೆಯ ಗೇಟಿನೊಳಗೆ ಹೋಗುತ್ತದೆ. ಟೀಚರ್ ಕ್ಯಾನು ಹಿಡಿದು ನಿಂತಿದ್ದಾರೆ. ಮೈನಸ್ ಹನ್ನೊಂದು. ಹೌದು, ಹನ್ನೊಂದು. ಬಾಗಿಲು ಮುಚ್ಚುತ್ತದೆ. ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತದೆ.

ಗುರುವಾರ. ಸಣ್ಣಗೆ ಹಿಮ ಉದುರುತ್ತಿದೆ. ಇವತ್ತು ಇರ್ಮೆಲಿಯವರ ಕೈಯಲ್ಲಿ ಕ್ಯಾನು ಇಲ್ಲ. ಒಂದು ಫ್ಲಾಸ್ಕು, ಒಂದು ಕಾಗದದ ಪೊಟ್ಟಣ, ಕಂಕುಳಲ್ಲಿ ನೀಲಿ ನೋಟ್‌ಬುಕ್ಕು. ನನ್ನ ಕಡೆ ನೋಡುವುದೂ ಇಲ್ಲ. ಟ್ರ್ಯಾಕ್ಟರ್ ಬಂದು, ಮೊದಲ ಕೊಂಬೆಯ ಹತ್ತಿರ ಮರಳು ನಿಂತದ್ದೇ ತಡ, ಅವರು ಸೀದಾ ಅದರ ಮುಂದೆ ಹೋಗಿ ಕೈ ಅಡ್ಡ ಹಿಡಿಯುತ್ತಾರೆ. ಬಾಗಿಲು ತೆರೆಯುತ್ತದೆ.

"ಮೈನಸ್ ಒಂಬತ್ತು," ಎನ್ನುತ್ತಾಳೆ ಸುವಿ.

"ಇವತ್ತು ಅದಲ್ಲ," ಎನ್ನುತ್ತಾರೆ ಟೀಚರ್. "ತೊಂಬತ್ತೆಂಟರ ಫೆಬ್ರವರಿ. ನೀನು ಬರೆದದ್ದು ಸರಿ ಇತ್ತು ಸುವಿ. ನಾನು ತಪ್ಪು ಹಾಕಿದೆ. ತಪ್ಪು ಹಾಕಿದ್ದಲ್ಲದೆ ಎಲ್ಲರ ಮುಂದೆ ಓದಿ ನಗಿಸಿದೆ. ನಿನ್ನದು ಸರಿ ಅಂತ ನಂಗೆ ಗೊತ್ತಾಗಿ ಇಪ್ಪತ್ತೇಳು ವರ್ಷ ಆಯ್ತು. ಕ್ಷಮಿಸು ಅಂತ ಕೇಳೋಕೆ ಬಂದೆ."

ಸುವಿ ಎಂಜಿನ್ ಆಫ್ ಮಾಡುತ್ತಾಳೆ.

"ಇಪ್ಪತ್ತೇಳು ವರ್ಷ," ಎನ್ನುತ್ತಾಳೆ. "ಯಾರು ಹಿಡ್ಕೊಂಡಿದ್ರು ಟೀಚರ್ ನಿಮ್ಮನ್ನ?"

ತಮ್ಮದೇ ಪ್ರಶ್ನೆ ತಮಗೇ ಬಂದದ್ದಕ್ಕೆ ಇರ್ಮೆಲಿ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. "ನಾಚಿಕೆ ಕಣೆ. ಬೇರೆ ಯಾರೂ ಅಲ್ಲ."

ಸುವಿ ಕೈಗವಸಿನಿಂದ ಮೂಗು ಒರೆಸಿಕೊಳ್ಳುತ್ತಾಳೆ. ಬಹಳ ಹೊತ್ತು ಒರೆಸಿಕೊಳ್ಳುತ್ತಾಳೆ. ಆಮೇಲೆ ಪೊಟ್ಟಣದ ಕಡೆ ಗದ್ದ ಎತ್ತಿ ಕೇಳುತ್ತಾಳೆ, "ಬನ್ನಿನೊಳಗೆ ಕೆನೆ ಜೊತೆ ಏನಿದೆ? ಜಾಮೋ, ಬಾದಾಮಿಯೋ?"

"ಜಾಮ್."

"ಹಂಗಾದ್ರೆ ಕೊಡಿ."

ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಬನ್ನು ತಿನ್ನುತ್ತಾರೆ. ಟೀಚರ್ ನೋಟ್‌ಬುಕ್ಕಿನ ಕೊನೆಯ ಹೆಸರಿಗೆ ಗುರುತು ಹಾಕಲು ಹೋದರೆ ಪೆನ್ನು ಚಳಿಗೆ ಬರೆಯುವುದಿಲ್ಲ. ಸುವಿ ಕಿವಿಯ ಹಿಂದಿನಿಂದ ಸೀಸದ ಕಡ್ಡಿ ತೆಗೆದು, ತನ್ನ ಹೆಸರಿಗೆ ತಾನೇ ಗುರುತು ಹಾಕುತ್ತಾಳೆ. ಪೇಪರಿಗೆಂದು ಟೀಚರ್ ಬರೆದಿಟ್ಟ ತಿದ್ದುಪಡಿಯನ್ನು ಓದಿ, ತಲೆ ಅಲ್ಲಾಡಿಸುತ್ತಾಳೆ.

"ಇದೂ ತಪ್ಪು."

"ಏನ್ ತಪ್ಪು?"

"ಯಾರೂ ಹಿಡ್ಕೊಳ್ಳದಿದ್ರೆ ಚರ್ಚಿನ ಹತ್ರ ಯಾಕೆ ನಿಲ್ಲುತ್ತೆ? ಚರ್ಚು ದಾಟಿ ಹೋಗ್ತಾನೇ ಇರುತ್ತೆ. ಹತ್ತು ವರ್ಷದವಳಿಗೆ ಅಷ್ಟು ಹೊಳೀಲಿಲ್ಲ."

ಇರ್ಮೆಲಿ ಅವಳನ್ನೇ ನೋಡುತ್ತಾರೆ. ಮೂವತ್ತೊಂಬತ್ತು ಚಳಿಗಾಲ ಪಾಠ ಹೇಳಿದ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಇದುವರೆಗೆ ಕಂಡಿರಲಿಲ್ಲ. "ಹಂಗಾದ್ರೆ ನಿನ್ನ ಹಳೇ ಉತ್ತರಕ್ಕೆ ಮೂರಕ್ಕೆ ಎರಡೂವರೆ," ಎನ್ನುತ್ತಾರೆ.

"ಮೂರು," ಎನ್ನುತ್ತಾಳೆ ಸುವಿ. "ಇಪ್ಪತ್ತೇಳು ವರ್ಷ ಕಾದಿದ್ದಕ್ಕೆ ಅರ್ಧ ಅಂಕ." ಆಮೇಲೆ ನನ್ನ ಕಡೆ ತಿರುಗುತ್ತಾಳೆ. "ನೀನೂ ನಕ್ಕಿದ್ದೆ."

"ಹೌದು."

"ನಿನ್ನ ಧ್ವನಿನೇ ಎಲ್ಲರಿಗಿಂತ ಜೋರಿತ್ತು."

"ಹೌದು."

"ಅದನ್ನೂ ಹಾಕು ಪೇಪರ್‌ಗೆ."

ಹಾಗಾಗಿ, ಒಪ್ಪಿಕೊಂಡ ಪ್ರಕಾರ:

ತಿದ್ದುಪಡಿ. 1998ರ ಫೆಬ್ರವರಿಯ ಕಿರುಪರೀಕ್ಷೆಯಲ್ಲಿ ನಾಲ್ಕನೇ ತರಗತಿಯ ಸುವಿ ರಿಂತಾಲಾ, ಒದೆಗಾಡಿ ತಾನಾಗಿ ನಿಲ್ಲುವುದಿಲ್ಲ, ಯಾರೂ ಹಿಡಿಯದಿದ್ದರೆ ಅದು ಚರ್ಚಿನ ತನಕ ಹೋಗುತ್ತದೆ ಎಂದು ಬರೆದಿದ್ದಳು. ಉತ್ತರ ಸರಿ. ಟೀಚರ್ ತಪ್ಪು. ಮೂರಕ್ಕೆ ಮೂರು. — ಇರ್ಮೆಲಿ ಲಾಕ್ಸೋ.

ಅವತ್ತು ಹಿಂದಿನ ಬೆಂಚಿನಿಂದ ಎಲ್ಲರಿಗಿಂತ ಜೋರಾಗಿ ನಕ್ಕವನು ಈ ಲೇಖನ ಬರೆದವನು. ಅವನಿಗೆ ಈ ವರ್ಷ ಬನ್ನು ಸಿಕ್ಕಿಲ್ಲ.